ಹೊಣೆ ಯಾರ ಪಾಲಿಗೆ?

ಆಸ್ತಿಯನ್ನು ಅಣ್ಣತಮ್ಮಂದಿರು ಹಂಚಿಕೊಂಡರೆ ಒಬ್ಬೊಬ್ಬರ ಪಾಲು ಚಿಕ್ಕದಾಗುತ್ತದೆ. ಹೊಣೆಯನ್ನೂ ನಾವು ಹಾಗೆಯೇ ಹಂಚುತ್ತೇವೆ. ಆಸ್ಪತ್ರೆಯಲ್ಲಿ ಅನಾಹುತವಾದರೆ ನರ್ಸ್ ವೈದ್ಯರತ್ತ, ವೈದ್ಯರು ಮುಖ್ಯಸ್ಥರತ್ತ, ಅವರು ಜಿಲ್ಲಾಡಳಿತದತ್ತ ಬೆರಳು ತೋರಿಸುತ್ತಾರೆ. ಎಲ್ಲರ ಹೊಣೆ ಕೊನೆಗೆ ಯಾರದೂ ಅಲ್ಲದಂತಾಗುತ್ತದೆ.

2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಕೋವಿಡ್ ರೋಗಿಗಳಿಗೆ ಕೊಡುತ್ತಿದ್ದ ಆಮ್ಲಜನಕ ಮುಗಿದುಹೋಯಿತು. ಒಂದು ದಿನದೊಳಗೆ 24 ಮಂದಿ ತೀರಿಕೊಂಡರು. ಆಮ್ಲಜನಕ ಸಿಗದೆ ಸತ್ತವರು ಮೂವರು ಮಾತ್ರ ಎಂದಿತು ಸರಕಾರ. ಮೈಸೂರಿನಿಂದ ಸಿಲಿಂಡರ್ ಬರಲಿಲ್ಲವೆಂದು ಈ ಜಿಲ್ಲೆಯವರು, ನಾವು ತಡೆದಿಲ್ಲವೆಂದು ಆ ಜಿಲ್ಲೆಯವರು! ಹೈಕೋರ್ಟ್ ನೇಮಿಸಿದ ಸಮಿತಿಯು ಮೂವರೆಂಬ ಲೆಕ್ಕವನ್ನು ಒಪ್ಪಲಿಲ್ಲ. ಮೈಸೂರಿನವರು ತಡೆದರೆಂಬುದಕ್ಕೂ ಅದಕ್ಕೆ ಆಧಾರ ಸಿಗಲಿಲ್ಲ.

ಆಮ್ಲಜನಕ ಹೇಳದೆ ಕೇಳದೆ ಮುಗಿಯುವ ವಸ್ತುವಲ್ಲ. ಒಂದು ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಅನಿಲವಿರುತ್ತದೆ. ನಿಮಿಷಕ್ಕೆ 10 ಲೀಟರ್ ಬೇಕಾದ ರೋಗಿಗೆ ಅದು 12 ಗಂಟೆಯೂ ಬರುವುದಿಲ್ಲ. ಎಷ್ಟು ರೋಗಿಗಳು, ಎಷ್ಟು ಸಿಲಿಂಡರ್ ಎಂದು ಮಧ್ಯಾಹ್ನವೇ ಲೆಕ್ಕ ಹಾಕಬಹುದು. ಮದುವೆಮನೆಯ ಬಾಣಸಿಗರು ಅಕ್ಕಿಯ ಲೆಕ್ಕವನ್ನು ಇದಕ್ಕಿಂತ ಮುಂಚೆ ಹಾಕಿರುತ್ತಾರೆ.

ತೊಡಕಿರುವುದು ಬೇರೆಡೆ. ಮೀಟರಿನ ಮುಳ್ಳು ಇಳಿಯುವುದನ್ನು ಕಾಣುವ ವಾರ್ಡಿನ ಸಿಬ್ಬಂದಿಗೆ ಲಾರಿ ತರಿಸುವ ಅಧಿಕಾರವಿಲ್ಲ. ಅಧಿಕಾರ ಇರುವವರು ವಾರ್ಡಿನಲ್ಲಿರುವುದಿಲ್ಲ. ಆದ್ದರಿಂದ ಕಂಡದ್ದನ್ನು ಹೇಳುವುದು ಒಬ್ಬರ ಕರ್ತವ್ಯವಾದರೆ, ಭಯವಿಲ್ಲದೆ ಹೇಳಬಲ್ಲ ವಾತಾವರಣ ಇಡುವುದು ಇನ್ನೊಬ್ಬರ ಕರ್ತವ್ಯ. ಕೊರತೆಯ ಸುದ್ದಿ ತಂದವರನ್ನೇ ಗದರಿಸುವ, ಏನಾದರೂ ಆದರೆ ಕೆಳಗಿನವರನ್ನೇ ಮೊದಲು ಅಮಾನತು ಮಾಡುವ ಕಡೆ ಮರುದಿನ ಯಾರೂ ಬಾಯಿ ಬಿಡುವುದಿಲ್ಲ. ಆ ಮೌನದ ಹೊಣೆ ಮುಖ್ಯಸ್ಥರದೇ ಎಂಬುದು ನಮ್ಮ ಅಭಿಪ್ರಾಯ.

ಹಾಗೆಂದು ಸಿಬ್ಬಂದಿಯ ಹೊಣೆ ಇಲ್ಲವಾಗುವುದಿಲ್ಲ. "ನಾನು ಹೇಳಿದ್ದೆ, ಮೇಲಿನವರು ಕೇಳಲಿಲ್ಲ" ಎಂಬ ಮಾತು ಕಡತಕ್ಕೆ ಸಾಕಾಗಬಹುದು, ಉಸಿರಿಗಾಗಿ ಒದ್ದಾಡುವವನಿಗೆ ಸಾಲದು. ಮತ್ತೆ ಮತ್ತೆ ಹೇಳಬೇಕು, ಬೇರೆಯವರ ಬಾಗಿಲನ್ನೂ ತಟ್ಟಬೇಕು. ಆದರೆ ರಾತ್ರಿಪಾಳಿಯ ನರ್ಸನ್ನೂ ಒಂದು ದೂರವಾಣಿ ಕರೆಯಲ್ಲಿ ಲಾರಿ ಹೊರಡಿಸಬಲ್ಲ ಅಧಿಕಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಅದು ಅನ್ಯಾಯ.

ಇಂತಹ ಘಟನೆಯಾದಾಗ ಯಾರನ್ನು ವರ್ಗಾಯಿಸಿದರು ಎಂದು ಕೇಳಿ ನಾವು ಸುಮ್ಮನಾಗುತ್ತೇವೆ. ಆಮ್ಲಜನಕ ಸಾಲದೆಂದು ಮೊದಲು ತಿಳಿದದ್ದು ಯಾರಿಗೆ, ಎಷ್ಟು ಗಂಟೆಗೆ? ಅವರು ಯಾರಿಗೆ ಹೇಳಿದರು? ಕೇಳಿಸಿಕೊಂಡವರು ಆಮೇಲಿನ ಒಂದು ಗಂಟೆಯಲ್ಲಿ ಏನು ಮಾಡಿದರು?