ಹಿಡಿದು ಬಿಡುವುದು ಅಹಿಂಸೆಯೇ?

ಹಿಂಸೆಯನ್ನು ಕುರಿತ ಪ್ರಶ್ನೆಗಳಲ್ಲಿ ಕೆಲವು ಸುಲಭವಾದವು. ಆಹಾರಕ್ಕಾಗಿ ಮೀನು ಹಿಡಿಯುವುದು ಶ್ರಾವಕನಿಗೆ ಸಲ್ಲದೆಂಬುದನ್ನು ನಮ್ಮ ಮನೆಗಳ ಮಕ್ಕಳಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇಂಗ್ಲೆಂಡ್, ಅಮೆರಿಕಗಳಲ್ಲಿ ನೆಲೆಸಿರುವ ನಮ್ಮ ತರುಣರ ಮುಂದೆ ಬೇರೊಂದು ಬಗೆಯ ಪ್ರಶ್ನೆ ಬಂದು ನಿಲ್ಲುತ್ತದೆ. ರಜೆಯ ದಿನ ಹೊಳೆಗೆ ಹೋಗಿ, ಗಾಳದಿಂದ ಮೀನನ್ನು ಹಿಡಿದು, ಕ್ಷಣಕಾಲ ಕಣ್ತುಂಬ ನೋಡಿ, ಮರಳಿ ನೀರಿಗೆ ಬಿಡುವವರು ಅಲ್ಲಿ ಬಹಳ ಮಂದಿ. “ನಾವು ಕೊಲ್ಲುವುದಿಲ್ಲ, ತಿನ್ನುವುದೂ ಇಲ್ಲ, ಇದರಲ್ಲಿ ದೋಷವೇನು?” ಎಂಬುದು ಅವರ ವಾದ. ಇದನ್ನು ಕೂಡಲೇ ತಳ್ಳಿಹಾಕದೆ, ಎದುರಾಳಿಯ ಪಕ್ಷವನ್ನು ಪೂರ್ಣವಾಗಿ ಕೇಳಿ ವಿಚಾರಿಸುವುದೇ ನಮ್ಮ ಆಚಾರ್ಯರು ತೋರಿದ ಕ್ರಮ.

ಈ ವಿನೋದದ ಅತ್ಯಂತ ಸಂಸ್ಕಾರಗೊಂಡ ರೂಪಕ್ಕೆ ಫ್ಲೈ ಫಿಶಿಂಗ್, ಎಂದರೆ ಕೃತಕ ನೊಣದಿಂದ ಮೀನು ಹಿಡಿಯುವ ಕಲೆ, ಎಂದು ಹೆಸರು. ಐಸಾಕ್ ವಾಲ್ಟನ್ 1653ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥಕ್ಕೆ ಚಾರ್ಲ್ಸ್ ಕಾಟನ್ 1676ರಲ್ಲಿ ಈ ಕಲೆಯ ಭಾಗವನ್ನು ಸೇರಿಸಿದನು. ದಕ್ಷಿಣ ಇಂಗ್ಲೆಂಡಿನ ಟೆಸ್ಟ್, ಇಚನ್ ಎಂಬ ತಿಳಿನೀರಿನ ಹೊಳೆಗಳಲ್ಲಿ ಅದು ಪರಿಪಕ್ವವಾಯಿತು. ಸಾಮಾನ್ಯ ಗಾಳದಲ್ಲಿ ತುದಿಯ ಭಾರವು ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ನೊಣಕ್ಕೆ ತೂಕವೇ ಇಲ್ಲದುದರಿಂದ ದಾರದ ತೂಕವು ನೊಣವನ್ನು ಒಯ್ಯಬೇಕು. ಹಿಂದೆ ಸೀಳುಬಿದಿರಿನಿಂದಲೂ ಈಗ ಹೆಚ್ಚಾಗಿ ಕಾರ್ಬನ್ ಫೈಬರಿನಿಂದಲೂ ಮಾಡುವ ಬಳುಕುವ ಕೋಲಿನಿಂದ ದಾರವನ್ನು ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬೀಸಿ, ನೊಣವು ತಾನಾಗಿ ಬಂದು ಕುಳಿತಂತೆ ನೀರಿನ ಮೇಲೆ ಇಳಿಸಬೇಕು.

ನೊಣವನ್ನು ಕಟ್ಟುವುದು ಇನ್ನೂ ಸೂಕ್ಷ್ಮವಾದ ಕೆಲಸ. ಕೊಕ್ಕೆಯನ್ನು ಪುಟ್ಟ ಹಿಡಿಕೆಯಲ್ಲಿ ಬಿಗಿದು, ನವಿರಾದ ನೂಲು ಸುತ್ತಿ, ಗರಿಯ ಎಳೆಗಳಿಂದ ಬಾಲವನ್ನೂ ತುಪ್ಪಟದಿಂದ ಒಡಲನ್ನೂ ರಚಿಸುತ್ತಾರೆ. ಹುಂಜದ ಕುತ್ತಿಗೆಯ ಗರಿಯನ್ನು ಸುತ್ತಿದಾಗ ಅದರ ಎಳೆಗಳು ಕಾಲುಗಳಂತೆ ಹರಡಿ ನೊಣವನ್ನು ತೇಲಿಸುತ್ತವೆ. ಇದಕ್ಕೆ ಮಾದರಿಯಾಗುವ ಕೀಟಗಳಲ್ಲಿ ಮೇಫ್ಲೈ ಮುಖ್ಯವಾದುದು. ಹೊಳೆಯ ತಳದಲ್ಲಿ ದೀರ್ಘಕಾಲ ಮರಿಯಾಗಿ ಬದುಕುವ ಅದು, ರೆಕ್ಕೆ ಮೂಡಿದ ಮೇಲೆ ಉಣ್ಣುವ ಬಾಯಿಯೇ ಇಲ್ಲದೆ ಅತ್ಯಲ್ಪ ಕಾಲದಲ್ಲಿ ಆಯುಷ್ಯ ಮುಗಿಸುತ್ತದೆ. ಫ್ರೆಡರಿಕ್ ಹಾಲ್ಫರ್ಡ್ ತೇಲುವ ನೊಣಗಳ ರಚನೆಯನ್ನು ಕುರಿತು 1886ರಲ್ಲಿ ಒಂದು ಗ್ರಂಥವನ್ನೇ ಬರೆದನು. ಮೀನು ಆ ಗಳಿಗೆಯಲ್ಲಿ ಯಾವ ಕೀಟವನ್ನು ತಿನ್ನುತ್ತಿದೆಯೆಂದು ಗುರುತಿಸಿ ಅದನ್ನೇ ಹೋಲುವ ನೊಣವನ್ನು ಬಳಸಬೇಕೆಂಬುದು ಅವನ ಪಂಥದ ನಿಯಮ.

ಹೀಗೆ ಹಿಡಿದುದನ್ನು ಕೊಲ್ಲಬಾರದೆಂಬ ವಿಚಾರವೂ ಈ ವಲಯದೊಳಗೇ ಬೆಳೆಯಿತು. ಅಮೆರಿಕದ ಲೀ ವುಲ್ಫ್ 1939ರಲ್ಲಿಯೇ ಮೀನನ್ನು ನದಿಗೆ ಮರಳಿಸಬೇಕೆಂದು ಪ್ರತಿಪಾದಿಸಿದನು. ಇಂದು ಅನೇಕರು ಹಿಮ್ಮುಳ್ಳಿಲ್ಲದ ಕೊಕ್ಕೆಯನ್ನು ಬಳಸುತ್ತಾರೆ. ಮೀನಿನ ಮೈಮೇಲಿನ ಲೋಳೆಪೊರೆ ಕೆಡದಂತೆ ಕೈ ಒದ್ದೆ ಮಾಡಿಕೊಂಡು ಮುಟ್ಟುತ್ತಾರೆ. ಸಾಧ್ಯವಾದರೆ ಮೀನನ್ನು ನೀರಿನಿಂದ ಮೇಲೆತ್ತುವುದೇ ಇಲ್ಲ. ಈ ಎಚ್ಚರಿಕೆಯನ್ನು ನಾವು ಹಗುರವಾಗಿ ಕಾಣಬಾರದು.

ಆದರೆ ಮೀನಿಗೆ ಆಗುವುದೇನು? 2003ರಲ್ಲಿ ಲಿನ್ ಸ್ನೆಡನ್ ಮತ್ತು ಅವರ ಸಹಸಂಶೋಧಕರು ಟ್ರೌಟ್ ಮೀನಿನ ಮುಖಭಾಗದಲ್ಲಿ ಘಾಸಿಯನ್ನು ಗ್ರಹಿಸುವ ನರಗ್ರಾಹಕಗಳಿರುವುದನ್ನು ತೋರಿಸಿದರು. ತುಟಿಗೆ ಆಮ್ಲ ಚುಚ್ಚಲ್ಪಟ್ಟ ಮೀನುಗಳು ತುಟಿಯನ್ನು ತಳದ ಕಲ್ಲುಗಳಿಗೆ ಉಜ್ಜಿದವು, ಬಹಳ ಹೊತ್ತು ಆಹಾರ ಮುಟ್ಟಲಿಲ್ಲ. ಇದನ್ನು ನೋವಿನ ಅನುಭವವೆನ್ನಲಾಗದೆಂದು ವಾದಿಸುವ ವಿಜ್ಞಾನಿಗಳೂ ಇದ್ದಾರೆ. ಮೀನನ್ನು ಪಂಚೇಂದ್ರಿಯ ತಿರ್ಯಂಚ ಜೀವಿಯೆಂದು ಎಣಿಸಿದ ನಮ್ಮ ಪರಂಪರೆಗೆ ಈ ಸಂದೇಹ ಹೊಸದಾಗಿ ಹುಟ್ಟುವುದಿಲ್ಲ. ಬಿಟ್ಟ ಮೀನುಗಳಲ್ಲಿ ಕೆಲವು ದಣಿವಿನಿಂದಲೂ ಗಾಯದಿಂದಲೂ ಆಮೇಲೆ ಸಾಯುತ್ತವೆ; ನೀರು ಬೆಚ್ಚಗಾದಷ್ಟೂ ಈ ಅಪಾಯ ಹೆಚ್ಚು.

ಒಂದೂ ಸಾಯಲಿಲ್ಲವೆಂದೇ ಒಪ್ಪಿಕೊಳ್ಳೋಣ. ಆಗಲೂ ಪ್ರಶ್ನೆ ಮುಗಿಯುವುದಿಲ್ಲ. ಅಹಿಂಸಾಣುವ್ರತದ ಅತಿಚಾರಗಳೆಂದು ಶಾಸ್ತ್ರವು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದನ್ನು ಹೇಳುತ್ತದೆ. ವಧವೆಂದರೆ ಇಲ್ಲಿ ಹೊಡೆತವೆಂದೇ ಅರ್ಥ. ಈ ಐದರಲ್ಲಿ ಯಾವುದಕ್ಕೂ ಸಾವು ಅಗತ್ಯವಿಲ್ಲವೆಂಬುದನ್ನು ಗಮನಿಸಬೇಕು. ಕಟ್ಟುವುದೂ ಅವಯವವನ್ನು ಚುಚ್ಚುವುದೂ ತಾವಾಗಿಯೇ ದೋಷಗಳು. ದಾರವು ಬಂಧ, ಕೊಕ್ಕೆಯು ಛೇದ. ಮೇಲಾಗಿ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಗೃಹಸ್ಥನಿಗೆ ಪೂರ್ಣವಾಗಿ ತಪ್ಪಿಸಲಾಗದವು; ಇದಾದರೋ ಸಂಕಲ್ಪೀ ಹಿಂಸೆ. ಪ್ರಯೋಜನವಿಲ್ಲದೆ ಇನ್ನೊಂದು ಜೀವಕ್ಕೆ ಪೀಡೆ ಕೊಡುವುದನ್ನು ಅನರ್ಥದಂಡವೆಂದು ಕರೆದು ಅದರಿಂದ ವಿರತನಾಗಲು ಶ್ರಾವಕನಿಗೆ ಬೇರೆಯೇ ವ್ರತವನ್ನು ವಿಧಿಸಲಾಗಿದೆ. ಇದು ನಮ್ಮವರ ಅತಿಸೂಕ್ಷ್ಮತೆಯೆಂದು ಭಾವಿಸಬೇಕಾಗಿಲ್ಲ. ಮೀನು ತಿನ್ನುವುದನ್ನು ಒಪ್ಪುವ ಸ್ವಿಟ್ಜರ್ಲೆಂಡಿನಲ್ಲಿಯೂ, ಬಿಡುವ ಉದ್ದೇಶದಿಂದಲೇ ಹಿಡಿಯುವುದನ್ನು 2009ರಿಂದ ಕಾನೂನು ನಿಷೇಧಿಸಿದೆ.

ಯಶೋಧರನ ಕಥೆ ಕನ್ನಡ ಜೈನರಿಗೆ ಜನ್ನನಿಂದ ಚಿರಪರಿಚಿತ. ಬಲಿಯಾದದ್ದು ಹಿಟ್ಟಿನ ಕೋಳಿ. ಆದರೂ ಕೊಲ್ಲುವ ಸಂಕಲ್ಪವು ರಾಜನನ್ನೂ ತಾಯಿಯನ್ನೂ ಜನ್ಮಜನ್ಮಗಳಲ್ಲಿ ಅಲೆಯಿಸಿತು. ಅಲ್ಲಿ ಜೀವವಿಲ್ಲದ ಕೋಳಿ ಬಲಿಯಾಯಿತು. ಇಲ್ಲಿ ಜೀವವಿಲ್ಲದ ನೊಣವು ಜೀವವಿರುವ ಮೀನನ್ನು ವಂಚಿಸುತ್ತದೆ. ಹಿಟ್ಟಿನ ಕೋಳಿಯೇ ಅಷ್ಟು ಭಾರವಾದರೆ ಇದನ್ನು ಹಗುರವೆನ್ನುವುದು ಹೇಗೆ?

“ಹೊಳೆಯ ದಡದಲ್ಲಿ ಮನಸ್ಸು ಏಕಾಗ್ರವಾಗುತ್ತದೆ, ಅದೊಂದು ಧ್ಯಾನ” ಎಂದು ಗಾಳಗಾರರು ಹೇಳುವುದುಂಟು. ಏಕಾಗ್ರತೆ ನಿಜವೇ. ಆದರೆ ನಮ್ಮ ಶಾಸ್ತ್ರವು ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕಾಗಿ ವಿಭಜಿಸಿದೆ. ಮನಸ್ಸು ಎಷ್ಟು ನೆಲೆಗೊಂಡಿತೆಂಬುದಕ್ಕಿಂತ ಯಾವುದರಲ್ಲಿ ನೆಲೆಗೊಂಡಿತೆಂಬುದೇ ಮುಖ್ಯ. ಪರಜೀವಿಯ ಸೆಣಸಾಟದಲ್ಲಿ ಹರ್ಷಿಸುವ ಏಕಾಗ್ರತೆಗೆ ಹಿಂಸಾನಂದವೆಂಬ ರೌದ್ರಧ್ಯಾನದ ಸೋಂಕು ತಪ್ಪದು.

ಸೋಮದೇವಸೂರಿಯು ಕ್ರಿ.ಶ. 959ರಲ್ಲಿ ಮುಗಿಸಿದ ಯಶಸ್ತಿಲಕದಲ್ಲಿ ಮೀನನ್ನು ಹಿಡಿದು ಬಿಟ್ಟವನ ಕಥೆಯೇ ಇದೆ. ಮೃಗಸೇನನೆಂಬ ಬೆಸ್ತನು ಬಲೆಗೆ ಮೊದಲು ಬೀಳುವ ಮೀನನ್ನು ಕೊಲ್ಲೆನೆಂದು ಮುನಿಯಿಂದ ವ್ರತ ಪಡೆದನು. ಅಂದು ಅದೇ ಮೀನು ಮರಳಿ ಮರಳಿ ಬಲೆಗೆ ಬಿದ್ದಿತು; ಐದು ಸಲವೂ ಬಿಟ್ಟನು. ಬರಿಗೈಯಲ್ಲಿ ಬಂದವನನ್ನು ಹೆಂಡತಿ ಮನೆಗೆ ಸೇರಿಸಲಿಲ್ಲ. ಹೊರಗೆ ಮಲಗಿದವನು ಹಾವು ಕಚ್ಚಿ ಮಡಿದನು. ಮುಂದಿನ ಜನ್ಮದಲ್ಲಿ ಐದು ಬಾರಿ ಮೃತ್ಯುವಿನಿಂದ ಪಾರಾದನು. ಮೃಗಸೇನನು ಬಿಟ್ಟದ್ದು ತನ್ನ ಅಂದಿನ ಅನ್ನವನ್ನು. ಇಂದಿನ ವಿನೋದಗಾರನು ಬಿಡುವುದು ತನಗೆ ಬೇಡವಾದುದನ್ನು. ಬೇಕಾಗಿದ್ದ ಸುಖವನ್ನು ಅವನು ಮೊದಲೇ ಪಡೆದಾಗಿರುತ್ತದೆ.

ಹಾಗೆಂದು ಬಿಡುವವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನೇಕಾಂತ ದೃಷ್ಟಿಗೆ ಒಪ್ಪುವುದಿಲ್ಲ. ನಿನ್ನೆಯವರೆಗೆ ಕೊಲ್ಲುತ್ತಿದ್ದವನು ಇಂದು ಬಿಟ್ಟರೆ ಅದು ಏರಿದ ಮೆಟ್ಟಿಲು. ಎಂದೂ ಗಾಳ ಮುಟ್ಟದ ಮನೆಯವನು ಬಿಡುವ ನೆವದಿಂದ ಹಿಡಿಯತೊಡಗಿದರೆ ಅದು ಇಳಿದ ಮೆಟ್ಟಿಲು. ಕ್ರಿಯೆ ಒಂದೇ ಆದರೂ ಪರಿಣಾಮದ ದಿಕ್ಕು ಬೇರೆ.

ಗಾಳಗಾರರೇ ನದಿಯನ್ನು ಕಾಯುತ್ತಾರೆಂಬ ಮಾತು ಉಳಿಯಿತು. ಅದರಲ್ಲಿ ಸತ್ಯಾಂಶವಿದೆ. ಕಾವೇರಿಯ ಭೀಮೇಶ್ವರಿ ಮೊದಲಾದೆಡೆ ಮಹಶೀರ್ ಮೀನನ್ನು ಹಿಡಿದು ಬಿಡುವ ಶಿಬಿರಗಳಿದ್ದಾಗ, ಸಿಡಿಮದ್ದು ಹಾಕಿ ಮೀನು ಕೊಲ್ಲುವವರ ಮೇಲೆ ಕಾವಲಿತ್ತು. ಅಲ್ಲಿ ನೊಣಕ್ಕಿಂತ ರಾಗಿಹಿಟ್ಟಿನ ಉಂಡೆಯೇ ಹೆಚ್ಚು ಬಳಕೆಯಲ್ಲಿತ್ತು. ಕಾವೇರಿಯ ಡುಬ್ಬದ ಮಹಶೀರ್ 2018ರಲ್ಲಿ ತೀವ್ರ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿತು. ಆದರೆ ಕಾವಲಿಗೆ ಕೊಕ್ಕೆ ಅನಿವಾರ್ಯವಲ್ಲ. ಶೃಂಗೇರಿಯ ತುಂಗೆಯಲ್ಲಿಯೂ ಶಿಶಿಲದ ಕಪಿಲೆಯಲ್ಲಿಯೂ ಮಹಶೀರ್ ಮೀನುಗಳನ್ನು ಭಕ್ತರ ಶ್ರದ್ಧೆಯೇ ಕಾದಿದೆ. 1996ರಲ್ಲಿ ಶಿಶಿಲದಲ್ಲಿ ವಿಷಪ್ರಯೋಗದಿಂದ ಅಸಂಖ್ಯ ಮೀನುಗಳು ಸತ್ತ ಮೇಲೂ ಆ ಶ್ರದ್ಧೆ ಅಳಿಯಲಿಲ್ಲ.

ಆದುದರಿಂದ ನಮ್ಮ ತರುಣರು ಹೊಳೆಯ ದಡಕ್ಕೆ ಹೋಗಬಾರದೆಂದು ಹೇಳಬೇಕಾಗಿಲ್ಲ. ಹೋಗಲಿ, ಮೇಫ್ಲೈ ಏಳುವುದನ್ನೂ ಟ್ರೌಟ್ ಮೇಲೆ ಬರುವುದನ್ನೂ ಗಾಳಗಾರನಷ್ಟೇ ತಾಳ್ಮೆಯಿಂದ ನೋಡಲಿ, ಕೋಲನ್ನು ಮಾತ್ರ ಹಿಡಿಯದಿರಲಿ. ಮಕ್ಕಳಿಗೆ ಗಾಳವನ್ನು ಆಟಿಕೆಯಂತೆ ಉಡುಗೊರೆ ಕೊಡುವುದು ಹಿಂಸಾದಾನವೆಂಬುದನ್ನು ಹಿರಿಯರು ನೆನಪಿಡಲಿ. ಕೆರೆ, ಕಲ್ಯಾಣಿಗಳಿರುವ ಬಸದಿಗಳ ಆಡಳಿತ ಮಂಡಳಿಗಳು ಆ ನೀರನ್ನು ಶುದ್ಧವಾಗಿರಿಸಿ, ಅಲ್ಲಿನ ಜಲಚರಗಳಿಗೆ ಅಭಯವನ್ನು ಘೋಷಿಸಲಿ. ಹಿಡಿದು ಬಿಡುವುದಕ್ಕಿಂತ ಹಿಡಿಯದೆ ಬಿಡುವುದೇ ಅಭಯದಾನ.