ಅಪ್ಪನ ಹುಬ್ಬಿನ ಗೀರು

ಅಪ್ಪ ತೀರಿಕೊಂಡ ಒಂಬತ್ತನೆಯ ದಿನ ನಾನು ಫೋಟೋ ಅಂಗಡಿಯಲ್ಲಿ ಕೂತಿದ್ದೆ. ವೈಕುಂಠ ಸಮಾರಾಧನೆಗೆ ಹಾರ ಹಾಕಲು ದೊಡ್ಡ ಪಟ ಬೇಕಿತ್ತು. ಕ್ಯಾಮೆರಾ ಕಂಡರೆ ಎದ್ದು ಹೋಗುತ್ತಿದ್ದ ಮನುಷ್ಯ ಅಪ್ಪ. ಸಿಕ್ಕಿದ್ದು ಯಾರದೋ ಮದುವೆಯ ಗುಂಪುಚಿತ್ರ, ಅದೂ ಹತ್ತಾರು ವಾಟ್ಸ್‌ಆ್ಯಪ್ ದಾಟಿ ಸೊರಗಿ ಬಂದದ್ದು. ಅದರಿಂದ ಅಪ್ಪನ ಮುಖವನ್ನಷ್ಟೇ ಕತ್ತರಿಸಿದಾಗ ಉಳಿದದ್ದು ಅಗಲಕ್ಕೆ 90, ಎತ್ತರಕ್ಕೆ 120 ಚುಕ್ಕೆ. 71 ವರ್ಷ ಬದುಕಿದ ಮುಖಕ್ಕೆ ಒಟ್ಟು 10,800 ಚುಕ್ಕೆ.

ಹಿಗ್ಗಿಸಿದರೆ ಮುಖ ಒಡೆದು ಚೌಕಚೌಕವಾಯಿತು. "ವೆಕ್ಟರ್ ಮಾಡಿಕೊಡ್ತೀನಿ ಸರ್, ಗೋಡೆಯಷ್ಟು ದೊಡ್ಡದು ಮಾಡಿದ್ರೂ ಒಡೆಯಲ್ಲ" ಅಂದ ಅಂಗಡಿಯ ಹುಡುಗ. ಹತ್ತೇ ನಿಮಿಷದಲ್ಲಿ ಮಾಡಿಯೂ ಕೊಟ್ಟ. ನುಣುಪಾದ ಹಣೆ, ತೀಡಿದಂಥ ಹುಬ್ಬು. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು. ಎಡಹುಬ್ಬಿನ ಮೇಲಿನ ಗೀರು ಮಾತ್ರ ಇರಲಿಲ್ಲ. ಚಿಕ್ಕಂದಿನಲ್ಲಿ ಬಾವಿಕಟ್ಟೆಯಿಂದ ಬಿದ್ದು ಆದ ಗಾಯವಂತೆ ಅದು. ಸಿಟ್ಟು ಬಂದಾಗ ಮೊದಲು ಕೆಂಪಾಗುತ್ತಿದ್ದದ್ದು ಆ ಗೀರೇ. ನಾವು ಮಕ್ಕಳು ಅದನ್ನು ನೋಡಿಯೇ ಜಾಗ ಖಾಲಿ ಮಾಡುತ್ತಿದ್ದೆವು. ಕೇಳಿದ್ದಕ್ಕೆ ಹುಡುಗ, "ಕೊಳೆ ಅಂತ ಸಾಫ್ಟ್‌ವೇರ್ ತೆಗೆದಿದೆ ಸರ್" ಎಂದ.

ಅವನ ತಪ್ಪೇನಿಲ್ಲ. ಬಿಟ್‌ಮ್ಯಾಪ್ ಚಿತ್ರವೆಂದರೆ ಚುಕ್ಕೆಗಳ ಲೆಕ್ಕ. ಈ ಮನೆಗೆ ಈ ಬಣ್ಣ, ಪಕ್ಕದ ಮನೆಗೆ ಇನ್ನೊಂದು. ಅದು ಮುಖವೋ ಮರವೋ ಎಂಬುದು ಅದಕ್ಕೆ ಬೇಕಿಲ್ಲ. ವೆಕ್ಟರ್ ಚಿತ್ರದಲ್ಲಿ ಇರುವುದು ಸೂಚನೆಗಳು: ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಹೀಗೆ ಬಾಗಿಸು, ಒಳಗೆ ಈ ಬಣ್ಣ ತುಂಬು. (ಆ ಬಾಗುಗಳ ಗಣಿತ ಹುಟ್ಟಿದ್ದು ಫ್ರಾನ್ಸಿನ ಕಾರು ಕಂಪನಿಗಳಲ್ಲಿ, ರೆನೋದ ಪಿಯರ್ ಬೆಝಿಯೇ ಹೆಸರಿನಲ್ಲಿ ಅವು ಇವತ್ತಿಗೂ ಇವೆ.) ದೊಡ್ಡದು ಮಾಡಿದಾಗಲೆಲ್ಲ ಗೆರೆಯನ್ನು ಹೊಸದಾಗಿ ಎಳೆಯಲಾಗುತ್ತದೆ, ಹಾಗಾಗಿ ಅದು ಎಂದೂ ಒಡೆಯುವುದಿಲ್ಲ. ಆದರೆ ಫೋಟೋವನ್ನು ಸೂಚನೆಗಳಾಗಿ ಬದಲಿಸುವಾಗ ಯಾವುದು ಗೆರೆ, ಯಾವುದು ಕೊಳೆ ಎಂದು ಯಾರಾದರೂ ತೀರ್ಮಾನಿಸಲೇಬೇಕು.

1957ರಲ್ಲಿ ಅಮೆರಿಕದ ರಸೆಲ್ ಕಿರ್ಷ್ ತಮ್ಮ ಮೂರು ತಿಂಗಳ ಮಗನ ಫೋಟೋವನ್ನು ಕಂಪ್ಯೂಟರಿಗೆ ಇಳಿಸಿದರು. ಸಾಲಿಗೆ 176 ಚುಕ್ಕೆ, ಅಂಥ 176 ಸಾಲು. ಕಂಪ್ಯೂಟರ್ ಕಂಡ ಮೊದಮೊದಲ ಚಿತ್ರಗಳಲ್ಲಿ ಒಂದು ಅದು. ಚುಕ್ಕೆಗಳನ್ನು ಚೌಕವಾಗಿಸಿದ್ದು ದಡ್ಡತನವಾಯಿತೆಂದು ಇಳಿವಯಸ್ಸಿನಲ್ಲಿ ಅವರಿಗನ್ನಿಸಿತು. ನನಗೇಕೋ ಆ ಚೌಕಗಳ ಮೇಲೆ ಗೌರವ ಹುಟ್ಟಿದೆ. ಹಿಗ್ಗಿಸಿದಾಗ ಒಡೆಯುವ ಚಿತ್ರ, ನನಗೆ ಗೊತ್ತಿರುವುದು ಇಷ್ಟೇ, ಮುಂದಿನದು ಗೊತ್ತಿಲ್ಲ ಅನ್ನುತ್ತದೆ. ವೆಕ್ಟರ್ ಹಾಗೆ ಅನ್ನುವುದೇ ಇಲ್ಲ; ಎಷ್ಟು ಹತ್ತಿರ ಹೋದರೂ ಅದೇ ಖಚಿತ ಗೆರೆ.

ವೆಕ್ಟರನ್ನು ದೂರಲು ಹೊರಟಿಲ್ಲ. ನೀವೀಗ ಓದುತ್ತಿರುವ ಅಕ್ಷರಗಳೂ ಸಾಮಾನ್ಯವಾಗಿ ಅದರಿಂದಲೇ ಮೂಡುವಂಥವು. 'ಅ' ಎಂಬುದು ಒಮ್ಮೆ ಹುಟ್ಟಿ ಸತ್ತುಹೋದ ಯಾವುದೋ ಒಂದು 'ಅ' ಅಲ್ಲ. ಸುರುಳಿ ಸರಿಯಾಗಿ ಸುತ್ತಿದರೆ ಬಳಪದಲ್ಲಿ ಬರೆದದ್ದೂ 'ಅ'ವೇ, ಬಸ್ಸಿನ ಬೋರ್ಡಿನದೂ 'ಅ'ವೇ. ಅದನ್ನು ಹೊಸದಾಗಿ ಎಳೆಯುವುದರಲ್ಲಿ ಸುಳ್ಳಿಲ್ಲ. ಪಟದ ಕೆಳಗೆ ಬರೆಸಿದ ಅಪ್ಪನ ಹೆಸರು ಎಷ್ಟು ದೊಡ್ಡದಾದರೂ ಅಪ್ಪನ ಹೆಸರೇ. ಮುಖವೂ ಹಾಗೆಯೇ ಎಂದು ಒಪ್ಪಲು ನನ್ನಿಂದ ಆಗಲಿಲ್ಲ.

ತಂಗಿ ಒಪ್ಪಿದಳು. ನುಣುಪಾದ ಪಟವನ್ನು ಅವಳೇ ತೆಗೆದುಕೊಂಡು ಹೋದಳು. "ಹೋದವರ ಮೇಲೆ ಗಾಯ ಯಾಕೆ ಉಳಿಸಬೇಕು?" ಎಂದು ಕೇಳಿದಳು. ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ. ಅಪ್ಪನ ಸಿಟ್ಟಿನ ಪೆಟ್ಟು ನನಗಿಂತ ಅವಳಿಗೇ ಹೆಚ್ಚು ಬಿದ್ದಿತ್ತು. ಅಳಿಸುವ ಹಕ್ಕು ಇದ್ದರೆ ಅದು ಅವಳಿಗೇ ಇರಬೇಕು.

ಸಮಾರಾಧನೆಯ ದಿನ ಬಂದವರೆಲ್ಲ "ಸಾತ್ವಿಕರು, ಎಂದೂ ದನಿ ಏರಿಸಿದವರಲ್ಲ" ಅಂದರು. ನಾನು ತಲೆಯಾಡಿಸಿದೆ. ಅಂಗಡಿಯ ಹುಡುಗ ಹತ್ತು ನಿಮಿಷದಲ್ಲಿ ಮಾಡಿದ್ದನ್ನು ನಾವು ಊಟದ ಪಂಕ್ತಿ ಏಳುವುದರೊಳಗೆ ಮಾಡಿ ಮುಗಿಸಿದ್ದೆವು. ನಾಳೆ ಮಗನಿಗೆ ಅವನ ತಾತನ ಬಗ್ಗೆ ಹೇಳುವಾಗ ನಾನೂ ನಾಲ್ಕು ಗೆರೆ ಎಳೆದು ಬಣ್ಣ ತುಂಬುವವನೇ. ಚುಕ್ಕೆಗಳು ಈಗಲೇ ಒಂದೊಂದಾಗಿ ಕೈಬಿಡುತ್ತಿವೆ. ಅಪ್ಪನ ಕೆಮ್ಮು ಹೇಗಿತ್ತೆಂದು ಮೊನ್ನೆ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಕೊನೆಗೆ ನಾನು ಹಾಕಿಸಿದ್ದು ಅದೇ ಮಸುಕು ಫೋಟೋ, ಒಡೆಯದಷ್ಟು ಚಿಕ್ಕದಾಗಿ. ಅಂಗೈಗಿಂತ ಚೂರು ದೊಡ್ಡದು. ಹಾರ ಹಾಕಿದರೆ ಮುಖ ಮುಕ್ಕಾಲು ಮುಚ್ಚಿಹೋಗುತ್ತದೆ ಎಂದು ನೆಂಟರು ಗೊಣಗಿದರು. ಅಮ್ಮ ಈಗ ಹಾರ ಬಿಟ್ಟು ದಿನಾ ಒಂದೇ ಹೂ ಇಡುತ್ತಾಳೆ, ಕನ್ನಡಕ ಹಾಕಿಕೊಂಡು, ತೀರಾ ಹತ್ತಿರ ಹೋಗಿ.