ಎಷ್ಟು ಇಂಚಿಗೆ ಸಾಕು?

2018ರ ಜುಲೈ 27ರಂದು ಭಾರತ ಸರ್ಕಾರ ಟೇಪು ಹಿಡಿದು ಅಗತ್ಯಕ್ಕೂ ಐಷಾರಾಮಕ್ಕೂ ನಡುವೆ ಗೆರೆ ಎಳೆಯಿತು. 27 ಇಂಚಿನವರೆಗಿನ ಟಿವಿಗೆ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡದಕ್ಕೆ ಹಳೆಯ ದರವೇ ಉಳಿಯಿತು. ಐದಾರು ತಿಂಗಳು ಕಳೆಯುವಷ್ಟರಲ್ಲಿ, 2019ರ ಜನವರಿ 1ಕ್ಕೆ, ಗೆರೆ 32 ಇಂಚಿಗೆ ಸರಿಯಿತು. 2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನ, ಅದೂ ಅಳಿಸಿಹೋಯಿತು. ಈಗ ಯಾವ ಅಳತೆಯ ಟಿವಿಗಾದರೂ ತೆರಿಗೆ ಒಂದೇ.

ಸರ್ಕಾರ ತನ್ನ ಗೆರೆಯನ್ನು ಅಳಿಸಿತು, ಸರಿ. ಮನೆಗಳ ಒಳಗಿನ ಗೆರೆ? ಎಷ್ಟಿದ್ದರೆ ಸಾಕು, ಅದನ್ನು ಹೇಳುವವರು ಯಾರು, ಯಾವಾಗ ಹೇಳಬೇಕು? ಧರ್ಮಗ್ರಂಥಗಳು ಸಾವಿರಾರು ವರ್ಷಗಳಿಂದ ಕೇಳುತ್ತ ಬಂದ ಈ ಪ್ರಶ್ನೆಯನ್ನು ಇಂದು ಅತಿ ಹೆಚ್ಚು ಸಲ ಎದುರಿಸುವ ಜಾಗ ಮಠವಲ್ಲ, ಎಲೆಕ್ಟ್ರಾನಿಕ್ಸ್ ಅಂಗಡಿ.

ಪುಣೆಯಲ್ಲಿ ಅಂಥ ಅಂಗಡಿಗಳಿಗೆ ಹೆಸರಾದದ್ದು ಬುಧವಾರ ಪೇಟೆಯ ತಪಕೀರ್ ಗಲ್ಲಿ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಪಾಸೋಡ್ಯಾ ವಿಠೋಬಾನ ಗುಡಿ. ಹಿಂದೆ ಇದರ ಸುತ್ತ ಪಾಸೋಡಿ ಎಂಬ ದಪ್ಪ ಹೊದಿಕೆ ಮಾರುತ್ತಿದ್ದರಂತೆ, ದೇವರಿಗೂ ಅದೇ ಹೆಸರು ಅಂಟಿಕೊಂಡಿತು. ಈ ಊರಿನಲ್ಲಿ ದೇವರಿಗೂ ಸಂತೆಗೂ ಎಂದೂ ಜಗಳವಿರಲಿಲ್ಲ. ಯುಗಾದಿಯ ಗುಡಿ ಪಾಡವಾ, ಅಕ್ಷಯ ತೃತೀಯಾ, ದಸರೆ, ಅರ್ಧ ಲೆಕ್ಕದ ಬಲಿಪಾಡ್ಯ: ಈ ‘ಮೂರೂವರೆ ಮುಹೂರ್ತ’ಗಳಲ್ಲಿ ಪಂಚಾಂಗ ನೋಡದೆ ಹೊಸ ವಸ್ತು ಮನೆಗೆ ತರಬಹುದೆಂಬ ನಂಬಿಕೆ ಮಹಾರಾಷ್ಟ್ರದ್ದು. ಕೆಲಸ ಹುಡುಕಿ ಬಂದು ಇಲ್ಲೇ ನೆಲೆಯೂರಿದ ವಿಜಯಪುರ, ಕಲಬುರಗಿ ಕಡೆಯ ಕುಟುಂಬಗಳಿಗೂ ಅದು ಒಗ್ಗಿಹೋಗಿದೆ. ಅಂಥದೊಂದು ದಿನ ಯಾವ ಅಂಗಡಿಯಲ್ಲಾದರೂ ಕೇಳಿಬರಬಹುದಾದ ಮಾತು ಇದು:

“ಏನ್ರೀ, ಮೂವತ್ತೆರಡು ಸಾಕಲ್ಲ ನಮಗ?”

“ಸಾಕಾಗಿತ್ತು. ಬಾಜೂಕಿನ ನಲವತ್ತಮೂರು ನೋಡಿದ ಮ್ಯಾಲೆ ಅದು ಸಣ್ಣದು ಕಾಣಾಕತ್ತೈತಿ.”

ಸಮಸ್ಯೆಯೆಲ್ಲ ಆ ‘ಬಾಜೂಕಿನ’ ಎಂಬುದರಲ್ಲಿದೆ. ಮನೆಯ ಗೋಡೆಯ ಮೇಲೆ ಇರುವುದು ಒಂದೇ ಟಿವಿ, ಅದರ ಪಕ್ಕದಲ್ಲಿ ಹೋಲಿಸಲು ಇನ್ನೊಂದು ಇರುವುದಿಲ್ಲ. ಅಂಗಡಿಯಲ್ಲಿ ಮಾತ್ರ ಇಪ್ಪತ್ತು ಪರದೆಗಳು ಸಾಲಾಗಿ ನಿಂತು ಒಂದನ್ನೊಂದು ಕುಬ್ಜಗೊಳಿಸುತ್ತವೆ. ಕೊಳ್ಳುವವರು ತೂಗಿ ನೋಡುವ ವ್ಯತ್ಯಾಸದ ಬಹುಪಾಲು ಮನೆಗೆ ಬರುವುದೇ ಇಲ್ಲ.

ಹತ್ತು ಹದಿನೈದು ವರ್ಷಗಳ ಹಿಂದೆ ಇದೇ ಅಂಗಡಿಗಳಲ್ಲಿ ಗೊಂದಲ ಇಂಚಿನದಷ್ಟೇ ಆಗಿರಲಿಲ್ಲ, ಜಾತಿಯದೂ ಆಗಿತ್ತು: ಪ್ಲಾಸ್ಮಾ ಕೊಳ್ಳುವುದೋ, ಎಲ್‌ಇಡಿಯೋ? ಪ್ಲಾಸ್ಮಾ ಪರದೆ ಹುಟ್ಟಿದ್ದು 1964ರಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೊ, ರಾಬರ್ಟ್ ವಿಲ್ಸನ್ ಎಂಬ ಮೂವರು ಅದನ್ನು ಕಂಪ್ಯೂಟರ್ ಮೂಲಕ ಪಾಠ ಹೇಳುವ ಯೋಜನೆಗಾಗಿ ರೂಪಿಸಿದರು. ನಿಯಾನ್, ಕ್ಸೆನಾನ್ ಅನಿಲ ತುಂಬಿದ ಸಣ್ಣ ಸಣ್ಣ ಕೋಶಗಳಿಗೆ ವಿದ್ಯುತ್ ಹಾಯಿಸಿದರೆ ಅತಿನೇರಳೆ ಕಿರಣ ಹೊಮ್ಮುತ್ತದೆ, ಅದು ಕೋಶದೊಳಗಿನ ಲೇಪಕ್ಕೆ ತಾಗಿ ಬಣ್ಣವಾಗುತ್ತದೆ. ಪ್ರತಿ ಕೋಶವೂ ತಾನೇ ಬೆಳಗುವುದರಿಂದ ಕಪ್ಪು ಎಂದರೆ ಬಹುಮಟ್ಟಿಗೆ ಕಪ್ಪೇ. ಓಡುವ ಚೆಂಡು ಮಸುಕಾಗುವುದಿಲ್ಲ, ಪಕ್ಕದಲ್ಲಿ ಕೂತು ನೋಡಿದರೂ ಬಣ್ಣ ಕೆಡುವುದಿಲ್ಲ.

ಎಲ್‌ಇಡಿ ಟಿವಿಯ ಬಗೆ ಬೇರೆ. ಅಲ್ಲಿ ಚಿತ್ರ ಮೂಡಿಸುವುದು ಎಲ್‌ಸಿಡಿ ಫಲಕ; ಎಲ್‌ಇಡಿ ದೀಪಗಳ ಕೆಲಸ ಹಿಂದಿನಿಂದ ಬೆಳಕು ಚೆಲ್ಲುವುದಷ್ಟೇ. ಕಪ್ಪು ಕಾಣಬೇಕಾದಲ್ಲಿ ಬೆಳಕನ್ನು ತಡೆಯಬೇಕು, ಪೂರ್ತಿ ತಡೆಯಲಾಗದೆ ಅದು ಬೂದುಬಣ್ಣವಾಗಿ ಸೋರುತ್ತದೆ. ಆದರೆ ಇದು ತೆಳು, ಹಗುರ, ವಿದ್ಯುತ್ ಖರ್ಚೂ ಕಡಿಮೆ. ಪ್ಲಾಸ್ಮಾ ಭಾರ, ಬಿಸಿ. ಸುದ್ದಿವಾಹಿನಿಯನ್ನೇ ದಿನವಿಡೀ ಹಚ್ಚಿಟ್ಟರೆ ವಾಹಿನಿಯ ಲಾಂಛನ ಪರದೆಯ ಮೇಲೆ ಕಲೆಯಾಗಿ ಉಳಿಯುವ ಭಯ ಬೇರೆ.

ಚಿತ್ರದ ಗುಣ ಬಲ್ಲವರು ಅಂದು ಪ್ಲಾಸ್ಮಾದ ಕಡೆಗೇ ವಾಲುತ್ತಿದ್ದರು. ಗೆದ್ದದ್ದು ಎಲ್‌ಇಡಿ. ಪ್ಯಾನಸೋನಿಕ್ 2013ರ ಕೊನೆಗೆ ಪ್ಲಾಸ್ಮಾ ತಯಾರಿಕೆ ನಿಲ್ಲಿಸಿತು. ಸ್ಯಾಮ್‌ಸಂಗ್ ಮತ್ತು ಎಲ್‌ಜಿ 2014ರ ನವೆಂಬರ್ ಮುಗಿಯುವಾಗ ಕೈಬಿಟ್ಟವು. ಅಗ್ಗದ ಫಲಕ, ಹಗುರ ಮೈ, ಕರೆಂಟಿನ ಉಳಿತಾಯ ಇವೆಲ್ಲ ಕಾರಣಗಳೇ. ಅವುಗಳ ಜೊತೆಗೆ ಅಂಗಡಿಯ ಟ್ಯೂಬ್‌ಲೈಟೂ ಒಂದು ಕಾರಣ. ಝಗಝಗಿಸುವ ಮಳಿಗೆಯಲ್ಲಿ ಪ್ಲಾಸ್ಮಾದ ಗಾಜು ಎದುರಿನ ದೀಪಗಳನ್ನೆಲ್ಲ ಪ್ರತಿಫಲಿಸಿ ಮಂಕಾಗಿ ಕಾಣುತ್ತಿತ್ತು, ಬೆಳಕನ್ನು ಗರಿಷ್ಠಕ್ಕೆ ಏರಿಸಿಟ್ಟ ಎಲ್‌ಇಡಿ ಕಣ್ಣು ಕೋರೈಸುತ್ತಿತ್ತು. ರಾತ್ರಿ ದೀಪ ಆರಿಸಿದ ಮನೆಯಲ್ಲಿ ಮೇಲುಗೈ ಪ್ಲಾಸ್ಮಾದ್ದು. ಆದರೆ ದುಡ್ಡು ಎಣಿಸುವುದು ಅಂಗಡಿಯ ಬೆಳಕಿನಲ್ಲಿ ತಾನೆ?

ನಾವು ಬದುಕದ ಬೆಳಕಿನಲ್ಲಿ ನಿಂತು ನಾವು ಬದುಕಬೇಕಾದ ಮನೆಗೆ ಬೇಕಾದ್ದನ್ನು ಆರಿಸುತ್ತೇವೆ. ಪ್ಲಾಸ್ಮಾ ಹೋದರೂ ಈ ತೊಡಕು ಹೋಗಿಲ್ಲ. ಇಂದು ಕ್ಯುಎಲ್‌ಇಡಿ, ಮಿನಿ ಎಲ್‌ಇಡಿ, ಓಎಲ್‌ಇಡಿ ಎಂಬ ಹೊಸ ಹೆಸರುಗಳಲ್ಲಿ ಅದೇ ಮುಂದುವರಿದಿದೆ. ಯಾವುದು ಉತ್ತಮ ಎಂಬುದಕ್ಕೆ ತಂತ್ರಜ್ಞಾನ ಉತ್ತರ ಕೊಡಬಲ್ಲದು. ಯಾವುದು ಸಾಕು ಎಂಬುದಕ್ಕೆ ಕೊಡಲಾರದು.

ಆ ಉತ್ತರ ಹುಡುಕಿದವರಿಗೆ ಪುಣೆಯಲ್ಲಿ ಬರವಿಲ್ಲ. 1930ರಲ್ಲಿ ಯರವಡಾ ಜೈಲಿನಲ್ಲಿದ್ದ ಗಾಂಧೀಜಿ ಸಾಬರಮತಿಯ ಆಶ್ರಮವಾಸಿಗಳಿಗೆ ವಾರಕ್ಕೊಂದರಂತೆ ಪತ್ರ ಬರೆದು ವ್ರತಗಳನ್ನು ವಿವರಿಸಿದರು. ಮಂಗಳವಾರ ಬೆಳಗಿನ ಪ್ರಾರ್ಥನೆಯ ಹೊತ್ತಿನವಾದ್ದರಿಂದ ಆ ಪತ್ರಗಳ ಸಂಗ್ರಹಕ್ಕೆ ‘ಮಂಗಳಪ್ರಭಾತ’ ಎಂಬ ಹೆಸರು ಬಂತು. ಅಪರಿಗ್ರಹದ ಬಗ್ಗೆ ಬರೆಯುತ್ತ ಅವರು ಅದನ್ನು ಅಸ್ತೇಯದ ಜೊತೆ ಕಟ್ಟುತ್ತಾರೆ: ಕದಿಯದೆ ಪಡೆದದ್ದಾದರೂ ಅಗತ್ಯವಿಲ್ಲದೆ ಇಟ್ಟುಕೊಂಡರೆ ಅದು ಕದ್ದ ಮಾಲಿಗೆ ಸಮ. ಅಲ್ಲಿಗೇ ನಿಲ್ಲದೆ, ಈ ನಿಯಮ ವಸ್ತುಗಳಿಗಷ್ಟೇ ಅಲ್ಲ, ವಿಚಾರಗಳಿಗೂ ಅನ್ವಯಿಸುತ್ತದೆ, ನಿರುಪಯೋಗಿ ತಿಳಿವಳಿಕೆಯನ್ನು ತಲೆಯಲ್ಲಿ ತುಂಬಿಕೊಳ್ಳುವುದೂ ಪರಿಗ್ರಹವೇ ಎನ್ನುತ್ತಾರೆ. ಒಂದು ಟಿವಿಗಾಗಿ ತಿಂಗಳುಗಟ್ಟಲೆ ಹರ್ಟ್ಸ್, ನಿಟ್ಸ್, ಕಾಂಟ್ರಾಸ್ಟ್ ಅನುಪಾತ ಕಲೆಹಾಕುವವರಿಗೆ ಇದು ನೇರವಾಗಿ ತಟ್ಟುವ ಮಾತು.

ಪುಣೆಯ ಸುತ್ತಲಿನ ನೆಲದಲ್ಲಿ ಇನ್ನೂ ಮುಂದೆ ಹೋದವರಿದ್ದಾರೆ. ದೇಹೂವಿನ ತುಕಾರಾಮರು ಅಂಗಡಿಕಾರರ ಮನೆಯವರು. ಜನರಿಂದ ಬರಬೇಕಿದ್ದ ಸಾಲದ ಪತ್ರಗಳನ್ನು ಇಂದ್ರಾಯಣಿಯಲ್ಲಿ ಮುಳುಗಿಸಿದರೆಂಬುದು ಅವರ ಚರಿತ್ರೆಯ ಪ್ರಸಿದ್ಧ ಪ್ರಸಂಗ. ಕನ್ನಡಿಗರ ಪುರಂದರದಾಸರ ಊರು ಪುಣೆ ಸಮೀಪದ ಪುರಂದರಗಡ ಎಂಬುದು ಒಂದು ನಂಬಿಕೆ, ತೀರ್ಥಹಳ್ಳಿ ಕಡೆಯ ಕ್ಷೇಮಪುರ ಎಂಬುದು ಮತ್ತೊಂದು ವಾದ. ಊರು ಯಾವುದಾದರೂ ಕಥೆ ಒಂದೇ: ಚಿನಿವಾರ ವ್ಯಾಪಾರಿ ಶ್ರೀನಿವಾಸ ನಾಯಕ, ಹೆಂಡತಿ ಸರಸ್ವತಿಯ ಮೂಗುತಿಯಿಂದ ಕಣ್ಣು ತೆರೆದು ಎಲ್ಲವನ್ನೂ ದಾನ ಮಾಡಿ ಹೊರಟ.

ಆದರೆ ಇವರು ಎಲ್ಲವನ್ನೂ ಬಿಟ್ಟವರು. ಎರಡು ಮಕ್ಕಳು, ಮನೆ ಸಾಲ, ಊರಿನಿಂದ ಬಂದು ಜೊತೆಗಿರುವ ವಯಸ್ಸಾದ ತಾಯಿ ಇರುವ ಗೃಹಸ್ಥನಿಗೆ ಇಂದ್ರಾಯಣಿ ದಾರಿಯಾಗದು. ಸನ್ಯಾಸವೇ ಮೇಲು ಎಂಬ ವಾದವನ್ನು ಅತ್ಯಂತ ಗಟ್ಟಿಯಾಗಿ ಎದುರಿಸಿದ ಪುಸ್ತಕ ಹೊರಬಂದದ್ದೂ ಪುಣೆಯಿಂದಲೇ. ತಿಲಕರು ಮಂಡಾಲೆಯ ಸೆರೆಯಲ್ಲಿ ಬರೆದು 1915ರಲ್ಲಿ ಪ್ರಕಟಿಸಿದ ‘ಗೀತಾರಹಸ್ಯ’ದ ಪ್ರಕಾರ ಜ್ಞಾನಿಯಾದವನೂ ಲೋಕದ ಕೆಲಸ ಬಿಡುವಂತಿಲ್ಲ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಆಲೂರು ವೆಂಕಟರಾಯರು ಅದನ್ನು ಕನ್ನಡಕ್ಕೆ ತಂದರು. ಹಾಗಿದ್ದ ಮೇಲೆ ‘ಟಿವಿಯೇ ಬೇಡ’ ಎಂದು ಪ್ರಶ್ನೆಯಿಂದ ಜಾರಿಕೊಳ್ಳುವ ಹಾಗಿಲ್ಲ. ಕೊಳ್ಳುವವನಿಗೆ ಬೇಕಾದದ್ದು ಬಿಡುವ ಶಾಸ್ತ್ರವಲ್ಲ, ಅಳತೆಯ ಶಾಸ್ತ್ರ.

ಅದು ಜೈನರಲ್ಲಿದೆ. ಮುನಿಗೆ ಅಪರಿಗ್ರಹ ಪೂರ್ಣ. ಗೃಹಸ್ಥನಿಗೆ ಇರುವುದು ಪರಿಗ್ರಹ ಪರಿಮಾಣ. ನನಗಿಷ್ಟು ಸಾಕು ಎಂದು ಮೊದಲೇ ಗೊತ್ತುಮಾಡಿಕೊಂಡು, ಅದರಾಚೆಗಿನದಕ್ಕೆ ಆಸೆಪಡದಿರುವುದು. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ ಇದನ್ನು ಇಚ್ಛಾಪರಿಮಾಣ ಎಂದೂ ಕರೆಯುತ್ತದೆ. ಒಮ್ಮೆ ಬಳಸಿ ಮುಗಿಯುವ ಅನ್ನದಂಥದ್ದು ಭೋಗ, ಮತ್ತೆ ಮತ್ತೆ ಬಳಸುವ ಬಟ್ಟೆಯಂಥದ್ದು ಉಪಭೋಗ ಎಂದು ವಿಂಗಡಿಸಿ, ಎರಡಕ್ಕೂ ಮಿತಿ ಹಾಕಿಕೊಳ್ಳಲು ಹೇಳುತ್ತದೆ. ಮಿತಿ ಜೀವನಪರ್ಯಂತದ್ದೇ ಆಗಬೇಕೆಂದಿಲ್ಲ, ಇಂತಿಷ್ಟು ಕಾಲಕ್ಕೆ ಎಂದೂ ಇರಬಹುದು. ಇದರ ಜಾಣ್ಮೆ ಅಂಕಿಯಲ್ಲಿಲ್ಲ, ಹೊತ್ತಿನಲ್ಲಿದೆ. ಮಿತಿ ಬರುವುದು ವಸ್ತು ಕಣ್ಣಿಗೆ ಬೀಳುವ ಮೊದಲು. ಕಂಡ ಮೇಲೆ ಹಾಕಿಕೊಳ್ಳುವ ಮಿತಿಯನ್ನು ವಸ್ತುವೇ ಬರೆಸಿರುತ್ತದೆ.

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮ ಮಾಡಿದ್ದೂ ಇದನ್ನೇ. ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬನ್ನಿ ಎಂದು ಆಕೆ ಕಳಿಸಿದಳು. ಲಕ್ಕಮ್ಮ ಸನ್ಯಾಸಿನಿಯಲ್ಲ, ದಾಸೋಹ ನಡೆಸುವ ಗೃಹಿಣಿ. ಆಕೆಗೆ ಅಳತೆ ಗೊತ್ತಿದ್ದದ್ದು ಮನೆಯಲ್ಲಿ. ಮಾರಯ್ಯ ಅದನ್ನು ಮರೆತದ್ದು ಅಕ್ಕಿ ಚೆಲ್ಲಿದ ಅಂಗಳದಲ್ಲಿ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಮಿತಿಯ ಹೆಸರಿನಲ್ಲಿ ಜಿಪುಣತನ ನುಸುಳಬಹುದಲ್ಲ? ಹೊರಗೆ ಓಡಾಡಲಾಗದ ತಾಯಿಗೆ ಟಿವಿಯೇ ದಿನದ ಸಂಗಾತಿಯಾಗಿದ್ದು, ಆಕೆಯ ಕಣ್ಣು ಮಂಜಾಗಿದ್ದರೆ, 32 ಇಂಚು ನಿಜಕ್ಕೂ ಕಡಿಮೆಯಾಗಬಹುದು. ಆಕ್ಷೇಪ ಸರಿಯಾದದ್ದೇ. ಅಳತೆ ಎಂದರೆ ಅತಿ ಚಿಕ್ಕದು ಎಂದಲ್ಲ, ಯಾರಿಗಾಗಿ ಎಂಬುದನ್ನು ಸೇರಿಸಿ ಎಣಿಸಿದ್ದು. 1987ರ ಜನವರಿಯಿಂದ ಒಂದೂವರೆ ವರ್ಷ ದೂರದರ್ಶನದಲ್ಲಿ ರಮಾನಂದ ಸಾಗರರ ‘ರಾಮಾಯಣ’ ಬರುತ್ತಿದ್ದಾಗ ಜನ ಟಿವಿಗೆ ಹಾರ ಹಾಕಿ ಊದುಬತ್ತಿ ಹಚ್ಚುತ್ತಿದ್ದರು. ಒಂದು ಪೆಟ್ಟಿಗೆಯ ಮುಂದೆ ಇಡೀ ಓಣಿ ಕೂರುತ್ತಿತ್ತು. ಅಂದಿನ ಪರದೆಗಳು ಇಂದಿನ ಲೆಕ್ಕಕ್ಕೆ ತೀರ ಸಣ್ಣವು. ಸಾಲದು ಎಂಬ ದೂರು ಅವುಗಳ ಮೇಲೆ ಹೆಚ್ಚಿರಲಿಲ್ಲ.

ಮನೆಯ ಅಳತೆ ಕಷ್ಟದ ಲೆಕ್ಕವೇನಲ್ಲ. ಪರದೆಯ ಕರ್ಣದ ಒಂದೂವರೆಯಿಂದ ಎರಡೂವರೆ ಪಟ್ಟು ದೂರದಲ್ಲಿ ಕೂತರೆ ಕಣ್ಣಿಗೆ ಹಿತ. ಏಳಡಿ ದೂರದ ಸೋಫಾಕ್ಕೆ 43 ಇಂಚು ಧಾರಾಳ. ಐದಡಿ ದೂರಕ್ಕೆ 32 ಸಾಕು. ಇನ್ನು ಕರೆಂಟು: 42 ಇಂಚಿನ ಹಳೆಯ ಪ್ಲಾಸ್ಮಾ 200 ವಾಟ್, ಅದೇ ಅಳತೆಯ ಎಲ್‌ಇಡಿ 80 ವಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಐದು ಗಂಟೆಯಂತೆ ವರ್ಷಕ್ಕೆ 365 ಯೂನಿಟ್ ಒಂದರದು, 146 ಯೂನಿಟ್ ಇನ್ನೊಂದರದು. ಯಾರಾದರೂ ಹಳೆಯ ಪ್ಲಾಸ್ಮಾವನ್ನು ಅಗ್ಗಕ್ಕೆ ಕೊಡುತ್ತೇನೆಂದರೆ ಈ ವ್ಯತ್ಯಾಸವನ್ನೂ, ಬಿಡಿಭಾಗ ಸಿಗದ ಕಷ್ಟವನ್ನೂ ಬೆಲೆಗೆ ಸೇರಿಸಿ ನೋಡಬೇಕು. ಹೆಚ್ಚು ಎಚ್ಚರ ಬೇಕಾದದ್ದು ಕಂತಿನ ಮಾತಿಗೆ. ‘ತಿಂಗಳಿಗೆ ಇನ್ನು ಐನೂರು ಅಷ್ಟೇ’ ಎಂಬ ಒಂದು ಸಾಲು ಮನೆಯಲ್ಲಿ ಗೊತ್ತುಮಾಡಿಕೊಂಡ ಮಿತಿಯನ್ನು ಸದ್ದಿಲ್ಲದೆ ಅಳಿಸುತ್ತದೆ. ತುಕಾರಾಮರು ನದಿಗೆ ಹಾಕಿದ ಕಾಗದಗಳ ಇನ್ನೊಂದು ತುದಿಯಲ್ಲಿ ಸಹಿ ಹಾಕಿದವರೂ ಹೀಗೇ ಎಂದೋ ‘ಇನ್ನಿಷ್ಟೇ’ ಎಂದುಕೊಂಡಿದ್ದವರಿರಬೇಕು.

ಲೆಕ್ಕದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಹಳೆಯ ಸೆಟ್ಟು. ಅದರೊಳಗೆ ಸೀಸದಂಥ ವಿಷವಸ್ತುಗಳಿರುತ್ತವೆ. ಒಡೆದು ಸುಟ್ಟು ತಾಮ್ರ ತೆಗೆಯುವ ಕೈಗಳಿಗೆ ಅದರ ಬೆಲೆ ಬೀಳುತ್ತದೆ. ಪುಣೆಯಲ್ಲಿ ಕಸ ಆಯುವವರೇ ಒಡೆಯರಾಗಿರುವ ‘ಸ್ವಚ್ಛ್’ ಸಹಕಾರ ಸಂಸ್ಥೆ 2008ರಿಂದ ಮನೆಮನೆಯ ಕಸ ಸಂಗ್ರಹಿಸುತ್ತಿದೆ, ಇ-ತ್ಯಾಜ್ಯವನ್ನೂ ಬೇರೆಯಾಗಿ ಒಯ್ಯುತ್ತದೆ. ಅಗತ್ಯ ಮೀರಿ ಇಟ್ಟುಕೊಂಡದ್ದು ಇನ್ನೊಬ್ಬರದು ಎಂಬ ಯರವಡಾದ ಮಾತು ನಿಜವಾದರೆ, ಬಳಸಿ ಬಿಸಾಡಿದ್ದರ ಹೊಣೆಯನ್ನು ಇನ್ನೊಬ್ಬರ ಮೇಲೆ ಹಾಕುವುದೂ ಅದೇ ಲೆಕ್ಕಕ್ಕೆ ಸೇರಬೇಕು.

ಪ್ಲಾಸ್ಮಾ ಮೇಲೋ ಎಲ್‌ಇಡಿ ಮೇಲೋ ಎಂಬ ವಾದವನ್ನು ಕಾರ್ಖಾನೆಗಳು 2014ರಲ್ಲೇ ಮುಗಿಸಿವೆ. ಕೈಯಲ್ಲಿರುವ ಹಣ ಸೀಮಿತವಾದವರಿಗೆ ಇಂದು ಸಾದಾ ಎಲ್‌ಇಡಿ ಸಾಕು, ಅದರಲ್ಲಿ ಕಳೆದುಕೊಳ್ಳುವಂಥದ್ದು ಹೆಚ್ಚೇನಿಲ್ಲ. ಮುಂದಿನ ದಸರೆಗೆ ಅಂಗಡಿಗೆ ಹೊರಡುವವರು ಮನೆಯವರೆಲ್ಲ ಕೂತು ಮೂರು ವಿಷಯ ಬರೆದುಕೊಂಡು ಹೊರಡಲಿ: ಗೋಡೆಯಿಂದ ಕೂರುವ ಜಾಗಕ್ಕೆ ಎಷ್ಟು ಅಡಿ, ಕಂತಿಲ್ಲದೆ ಕೊಡಬಹುದಾದ ಹಣ ಎಷ್ಟು, ಹಳೆಯ ಟಿವಿ ಯಾರ ಕೈಗೆ ಹೋಗುತ್ತದೆ. ಚೀಟಿ ಮನೆಯಲ್ಲೇ ಬರೆದದ್ದಾಗಿರಲಿ, ಅಂಗಡಿಯಲ್ಲಿ ತಿದ್ದಬೇಡಿ.